ಬೆಳೆಯುವ ಮಗುವಿನ ಅಂಗಿ

ಬೆಳೆಯುವ ಮಗುವಿಗೆ ಮನೆಯಲ್ಲಿಯೇ ಬಟ್ಟೆ ಹೊಲಿಯುವ ತಾಯಿಯು ಕತ್ತರಿ ಹಿಡಿಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕು: ಬಟ್ಟೆಯನ್ನು ಎಷ್ಟು ಹೆಚ್ಚು ಬಿಡಬೇಕು? ಇದು ಬರಿಯ ಅಳತೆಯ ಲೆಕ್ಕವೆಂದು ನಾನು ಬಹುಕಾಲ ಭಾವಿಸಿದ್ದೆ. ನಿವೃತ್ತನಾಗಿ ಮಗನೊಡನೆ ಈ ಸಾಂಕೋಲೆಯಲ್ಲಿ ನೆಲೆಸಿದ ಮೇಲೆ, ಅದು ನ್ಯಾಯದ ಪ್ರಶ್ನೆಯೂ ಹೌದೆಂದು ತೋರತೊಡಗಿದೆ.

ಇಲ್ಲಿಯ ಜುವಾರಿನಗರದ ಪರಿಚಯ ನಮ್ಮ ಸಂಘದವರಿಗೆ ಹೇಳಬೇಕಾದುದಿಲ್ಲ. ರಸಗೊಬ್ಬರದ ಕಾರ್ಖಾನೆ ಬಂದ ಕಾಲದಿಂದ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ದುಡಿಮೆಯನ್ನರಸಿ ಬಂದು ಇಲ್ಲಿ ಬೇರೂರಿವೆ. ಅಂಥ ಒಂದು ಮನೆಯ ತಾಯಿ, ಬಾಗಲಕೋಟೆಯ ಕಡೆಯವರು, ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಮಗಳ ಶಾಲೆಯ ಸ್ಕರ್ಟ್ ಹೊಲಿಯುವುದನ್ನು ನೋಡುತ್ತ ಕುಳಿತಿದ್ದೆ. ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿದ್ದರು. ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ. ಕೆಳಅಂಚಿನಲ್ಲಿ ಒಂದರ ಮೇಲೊಂದರಂತೆ ಎರಡು ಮಡಿಕೆ. ಆದರೆ ನಡುಪಟ್ಟಿ ಮಾತ್ರ ಇಂದಿನ ಅಳತೆಗೆ ಸರಿಯಾಗಿ ಕುಳಿತಿತ್ತು.

“ನಡುವಿನ್ಯಾಗೂ ಸ್ವಲ್ಪ ಸಡಿಲ ಬಿಡಬಹುದಲ್ಲ, ತಾಯಿ?” ಎಂದೆ.

“ಬ್ಯಾಡ್ರಿ ಸರ. ಹಂಗ ಬಿಟ್ರ ಕೂಸು ದಿನಾ ಅದನ್ನ ಹಿಡಕೊಂಡ ಅಡ್ಡಾಡಬೇಕಾಗ್ತೈತಿ. ಒಳಗ ಹೊಲಿಗಿಯಾಗ ಬಟ್ಟಿ ಬಿಟ್ಟೀನಿ, ಬೇಕಾದಾಗ ಬಿಚ್ಚಿದ್ರಾತು” ಎಂದರು.

ಈ ಉತ್ತರವು ನನ್ನನ್ನು ಅರುವತ್ತೈದು ವರ್ಷ ಹಿಂದಕ್ಕೆ ಒಯ್ದಿತು. ನನ್ನ ತಾಯಿ ಹೊಲಿದ ಅಂಗಿಗಳೆಲ್ಲ ದೊಡ್ಡವು. “ಬೆಳೆಯೋ ಹುಡುಗ” ಎಂಬುದೇ ಆಕೆಯ ಅಳತೆಪಟ್ಟಿ. ಮೊದಲ ವರ್ಷ ಅಂಗಿಯ ಹೆಗಲು ಮೊಳಕೈಯತ್ತ ಜಾರುತ್ತಿತ್ತು; ಎರಡನೆಯ ವರ್ಷ ಕೆಲವು ತಿಂಗಳು ಮೈಗೆ ಸರಿಹೊಂದುತ್ತಿತ್ತು; ಮೂರನೆಯ ವರ್ಷ ಕಂಕುಳಲ್ಲಿ ಹರಿಯುತ್ತಿತ್ತು. ನನ್ನ ಬಾಲ್ಯದ ಬಹುಭಾಗ ಅಂಗಿಗೆ ತಕ್ಕವನಾಗಲು ಕಾಯುವುದರಲ್ಲಿಯೇ ಕಳೆಯಿತು. ತಾಯಿಯನ್ನು ದೂರುವುದಿಲ್ಲ. ಎರಡನೆಯ ವಯಸ್ಸಿನಿಂದ ಹದಿಹರೆಯದವರೆಗೆ ಮಗುವು ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯುತ್ತದೆ. ಆಕೆಯ ಗಂಟಿನಲ್ಲಿದ್ದ ಹಣ ಹಾಗೆ ಬೆಳೆಯುತ್ತಿರಲಿಲ್ಲ. ಹರಿದ ಅಂಗಿಯೂ ವ್ಯರ್ಥವಾಗದೆ ಕೌದಿಯೊಳಗೆ ಸೇರುತ್ತಿತ್ತು.

ಆದರೂ ಕೇಳಬೇಕಾದ ಮಾತೊಂದಿದೆ. ನಾಳೆಗಾಗಿ ಉಳಿಸುವುದು ತಪ್ಪಲ್ಲ. ಆ ಉಳಿತಾಯದ ಭಾರವನ್ನು ಹೊರಬೇಕಾದವರು ಯಾರು? ಸಡಿಲವಾದ ಹೆಗಲಿನ ಅಂಗಿಯಲ್ಲಿ ಮಗು ಹೊರುತ್ತದೆ. ಒಳಗೆ ಮಡಚಿದ ಅಂಚಿನಲ್ಲಿ ಬಟ್ಟೆಯೇ ಹೊರುತ್ತದೆ. ಉಳಿತಾಯ ಒಂದೇ, ನ್ಯಾಯ ಬೇರೆ. ಎರಡನೆಯದಕ್ಕೆ ತಾಯಿಯ ದುಡಿಮೆ ಹೆಚ್ಚು ಬೇಕು ಎಂಬುದನ್ನೂ ಮರೆಯಲಾಗದು. 1924ರಲ್ಲಿ ಯಂತ್ರಗಳ ಕುರಿತು ಪ್ರಶ್ನೆ ಬಂದಾಗ ಗಾಂಧೀಜಿಯವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಪತ್ನಿಯು ಕೈಹೊಲಿಗೆಯಿಂದ ದಣಿಯುವುದನ್ನು ಕಂಡು, ಆಕೆಯ ಮೇಲಣ ಪ್ರೀತಿಯಿಂದ ಸಿಂಗರನು ಅದನ್ನು ನಿರ್ಮಿಸಿದನೆಂದು ಅವರು ತಿಳಿದಿದ್ದರು. (ಸಿಂಗರನ ನಿಜಜೀವನ ಅಷ್ಟು ಕೋಮಲವಾಗಿರಲಿಲ್ಲ. ಇರಲಿ.) ದಣಿವನ್ನು ಯಾರ ಮೈಯಿಂದ ಇಳಿಸಿ ಎಲ್ಲಿ ಇರಿಸುತ್ತೇವೆ ಎಂಬುದನ್ನೇ ಗಾಂಧೀಜಿ ನೋಡಿದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳೂ ಒಬ್ಬರಾಗಿದ್ದರೆಂಬುದು ಇಲ್ಲಿ ನೆನಪಾಗುತ್ತದೆ.

ಇಷ್ಟೆಲ್ಲ ಬರೆಯಲು ನನಗೆ ಅಧಿಕಾರವಿದೆಯೇ ಎಂಬ ಅಳುಕೂ ಉಂಟು. ಮಡಿಕೆ ಬಿಚ್ಚಿದಾಗ ಒಂದು ಗೆರೆ ಕಾಣುತ್ತದೆ. ಹೊರಗಿನ ಬಟ್ಟೆ ಬಿಸಿಲಿಗೆ, ಒಗೆತಕ್ಕೆ ಬಣ್ಣಗೆಟ್ಟಿರುತ್ತದೆ. ಒಳಗಿದ್ದ ಪಟ್ಟಿ ಹೊಸದರಂತೆ ಗಾಢವಾಗಿರುತ್ತದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಅಂಥ ಎರಡು ಬಣ್ಣದ ನೀಲಿ ಸ್ಕರ್ಟ್ ತೊಟ್ಟು ಬಂದ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದೆ. ಸಮವಸ್ತ್ರವೆಂದರೆ ಸಮವಾಗಿರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮರುದಿನ ತಾಯಿಯೇ ಜೊತೆಗೆ ಬಂದಳು. ಜಗಳವಾಡಲಿಲ್ಲ. ಗೆರೆಯ ಮೇಲೆ ಸುತ್ತಲೂ ನೀಲಿ ರಿಬ್ಬನ್ ಇಟ್ಟು ಹೊಲಿದಿದ್ದಳು. “ಈಗ ನಡೀತೈತೇನ್ರಿ ಸರ?” ಎಂದು ಕೇಳಿದಳು. ನಡೆಯುತ್ತದೆ ಎಂದೆ, ಬೇರೇನನ್ನೂ ಹೇಳಲಿಲ್ಲ.

ಬಡವ ಬಲ್ಲಿದರ ಭೇದ ಮಕ್ಕಳ ಮೈಮೇಲೆ ಕಾಣದಿರಲೆಂದೇ ಸಮವಸ್ತ್ರವನ್ನು ಒಪ್ಪಿಕೊಂಡೆವು. ಆ ಭೇದವನ್ನು ಎಲ್ಲರೆದುರು ಬೆರಳಿಟ್ಟು ತೋರಿಸಲು ನಾನು ಅದೇ ನಿಯಮವನ್ನು ಬಳಸಿದೆ. ಗೆರೆಯಲ್ಲಿ ನಾನು ಅಶಿಸ್ತನ್ನು ಕಂಡೆ; ಅಲ್ಲಿದ್ದುದು ಒಂದು ವರ್ಷದ ಮುಂದಾಲೋಚನೆ. ಹೆಗಲು ಜಾರುವ ಅಂಗಿಯನ್ನು ತೊಟ್ಟು ಬೆಳೆದವನಿಗೂ ಅದು ಹೊಳೆಯದೆ ಹೋದುದೇಕೆ? ಆ ಕುರ್ಚಿಯಲ್ಲಿ ಕುಳಿತ ಮೇಲೆ ನನ್ನ ಹಳೆಯ ಅಂಗಿಯನ್ನು ಮರೆಯಲು ನನಗೇ ಇಷ್ಟವಿದ್ದಿತೋ ಏನೋ. ಆ ಹುಡುಗಿಗೆ ಈಗ ಅವಳಷ್ಟೇ ದೊಡ್ಡ ಮಕ್ಕಳಿರಬಹುದು. ಕ್ಷಮೆ ಕೇಳುವ ಅವಕಾಶ ಒದಗಲಿಲ್ಲ ಎಂದರೆ ಸುಳ್ಳಾದೀತು. ಅವಳು ಇನ್ನೂ ಮೂರು ವರ್ಷ ನಮ್ಮ ಶಾಲೆಯಲ್ಲಿಯೇ ಓದಿದಳು.

ಜುವಾರಿನಗರದ ಆ ತಾಯಿ ಮರುವರ್ಷದ ಮಳೆಗಾಲದಲ್ಲಿ ಮೊದಲ ಮಡಿಕೆಯನ್ನು ಬಿಚ್ಚಿದರು. ಮಗಳು ಶಾಲೆಗೆ ಹೊರಟಾಗ ನಾನು ದಾರಿಯ ಬದಿಯಲ್ಲಿ ನಿಂತಿದ್ದೆ. ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗಿ ಅದರತ್ತ ನೋಡಲೂ ಇಲ್ಲ. ಹನಿ ಬೀಳತೊಡಗಿತ್ತು, ಅವಳು ಕೊಡೆ ಬಿಚ್ಚುವ ಅವಸರದಲ್ಲಿದ್ದಳು.