ಹಿತ್ತಲ ಗಿಡವೂ ಹೈಸ್ಕೂಲಿನ ಅಂಕಪಟ್ಟಿಯೂ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಕೊರಗಿನ ದನಿಯಲ್ಲೇ ಹೇಳುತ್ತೇವೆ. ಊರಿನ ಪಂಡಿತನನ್ನು ಊರೇ ಲೆಕ್ಕಕ್ಕಿಡದಿದ್ದಾಗ, ಮನೆಮಗಳ ಹಾಡು ಪಕ್ಕದೂರಿನವರು ಹೊಗಳಿದ ಮೇಲಷ್ಟೇ ಮನೆಯವರ ಕಿವಿಗೆ ಬಿದ್ದಾಗ ಈ ಮಾತು ಬಾಯಿಗೆ ಬರುತ್ತದೆ. ಹತ್ತಿರವಿದ್ದದ್ದು ಹಗುರವಾಗಿ ಕಾಣುತ್ತದೆ ಎಂಬುದು ಅದರ ಮೊದಲ ಅರ್ಥ. ಅದು ನಿಜವೂ ಹೌದು. ಆದರೆ ಗಾದೆಯೊಳಗೆ ಇನ್ನೊಂದು ಅರ್ಥವೂ ಕುಳಿತಿದೆ. ಹಿತ್ತಲಲ್ಲಿ ಬೆಳೆದ ಮಾತ್ರಕ್ಕೆ ಯಾವ ಗಿಡವೂ ಮದ್ದಾಗುವುದಿಲ್ಲ. ಯಾವ ಬೇನೆಗೆ, ಎಲೆಯೋ ಬೇರೋ, ಹಸಿಯಾಗಿ ಅರೆಯಬೇಕೋ ಕಷಾಯ ಕಾಸಬೇಕೋ, ದಿನಕ್ಕೆ ಎಷ್ಟು ಸಲ ಕೊಡಬೇಕು ಎಂದು ಬಲ್ಲವರು ಕೈಹಾಕುವವರೆಗೆ ಅಮೃತಬಳ್ಳಿಯೂ ಬೇಲಿಗೆ ಹಬ್ಬಿದ ಒಂದು ಬಳ್ಳಿ ಅಷ್ಟೇ. ಕಾಣದಿರುವುದು ಒಂದು ತೊಡಕು. ಕಂಡರೂ ಬಳಸಲು ಬಾರದಿರುವುದು ಇನ್ನೊಂದು. ಹೈಸ್ಕೂಲು ಮಕ್ಕಳಿಗೆ ಅವರವರ ಶಕ್ತಿ-ಸಾಮರ್ಥ್ಯವನ್ನು ಪರಿಚಯಿಸಬೇಕು ಎಂಬ ಇಂದಿನ ಚರ್ಚೆ ಮೊದಲನೆಯ ತೊಡಕಿನಲ್ಲೇ ನಿಂತುಬಿಟ್ಟಿದೆ. ನನ್ನ ವಾದ ಎರಡನೆಯದರ ಬಗ್ಗೆ. ಆ ವಾದವನ್ನು ಪರೀಕ್ಷಿಸಲು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರ್ಗಾಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಿಗಿಂತ ತಕ್ಕ ನೆಲ ನಮ್ಮಲ್ಲಿ ಕಡಿಮೆ.

ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ಕರೆಂಟು ನೂರನಲವತ್ತು ಕಿಲೋಮೀಟರಿಗೂ ಉದ್ದದ ತಂತಿಯಲ್ಲಿ ಹರಿದುಬಂದದ್ದು ಈ ಗಣಿಗಳಿಗಾಗಿಯೇ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಇಂದು ಎಂಟು, ಒಂಬತ್ತು, ಹತ್ತನೆಯ ತರಗತಿಯಲ್ಲಿರುವ ಮಕ್ಕಳೆಲ್ಲ ಆ ದಿನದ ಎಷ್ಟೋ ವರ್ಷಗಳ ನಂತರ ಹುಟ್ಟಿದವರು. ಅವರ ಪಾಲಿಗೆ ಗಣಿ ಎಂದರೆ ತಾತನ ಕೆಮ್ಮು, ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆ, ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬ, ಮುಂಜಾನೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಜಾಗ ಹಿಡಿಯಲು ಓಡುವ ಅಪ್ಪ-ಅಮ್ಮ. ಈ ಊರಿನ ಬಗ್ಗೆ ಹೊರಗಿನವರು ಬರೆದದ್ದು ಬಹುಪಾಲು ಕಳೆದುಹೋದದ್ದರ ಪಟ್ಟಿ. ಮಕ್ಕಳೂ ತಮ್ಮನ್ನು ಆ ಪಟ್ಟಿಯ ಮುಂದುವರಿಕೆಯೆಂದೇ ಓದಿಕೊಂಡರೆ ಅದು ಅವರ ತಪ್ಪಲ್ಲ.

ಈ ಮಕ್ಕಳ ಹಿತ್ತಲಲ್ಲಿ ಏನಿದೆ? ಮೊದಲು ಭಾಷೆಯನ್ನೇ ನೋಡೋಣ. ಇಲ್ಲಿನ ಎಷ್ಟೋ ಮನೆಗಳಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಮತ್ತು ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಬೋರ್ಡುಗಳ ಮೇಲೆ ಇಂಗ್ಲಿಷು. ಹದಿಮೂರು ವರ್ಷದ ಹುಡುಗಿಯೊಬ್ಬಳು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಅಜ್ಜಿಯ ತಮಿಳನ್ನು ಡಾಕ್ಟರಿಗೆ ಕನ್ನಡದಲ್ಲಿ ಹೇಳಿ, ಡಾಕ್ಟರ ಚೀಟಿಯ ಇಂಗ್ಲಿಷನ್ನು ಅಜ್ಜಿಗೆ ತಮಿಳಲ್ಲಿ ತಿಳಿಸಿ, ಔಷಧಿ ಅಂಗಡಿಯಲ್ಲಿ ತೆಲುಗಿನಲ್ಲಿ ಚಿಲ್ಲರೆ ಕೇಳುವುದು ಇಲ್ಲಿ ಯಾರೂ ತಿರುಗಿ ನೋಡದ ಸಂಗತಿ. ಈಗ ಎಸ್‌ಎಸ್‌ಎಲ್‌ಸಿಯ ಲೆಕ್ಕ ತೆಗೆಯಿರಿ. ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಪ್ರಥಮ ಭಾಷೆಗೆ 125, ಉಳಿದೆರಡು ಭಾಷೆಗಳಿಗೆ ತಲಾ 100: ಒಟ್ಟು 625ರಲ್ಲಿ 325 ಅಂಕ ಭಾಷೆಗಳದ್ದೇ ಆಗಿತ್ತು. ಅರ್ಧಕ್ಕಿಂತ ಹೆಚ್ಚು! ಹಾಗಿದ್ದರೆ ನಾಲ್ಕು ಭಾಷೆಯ ಮಗು ಎಲ್ಲರಿಗಿಂತ ಮುಂದಿರಬೇಕಿತ್ತು. ಹಾಗಾಗದಿರಲು ಕಾರಣ, ಪರೀಕ್ಷೆ ಒಂದೊಂದು ಭಾಷೆಯನ್ನೂ ಬೇರೆಬೇರೆ ಕೋಣೆಯಲ್ಲಿ ಕೂಡಿಹಾಕಿ ಅಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ, ಎದುರಿನವರ ಮುಖ ನೋಡಿ ಮಾತು ಬದಲಿಸುವ, ಒಬ್ಬರ ಅರ್ಥವನ್ನು ಕೆಡಿಸದೆ ಮತ್ತೊಬ್ಬರಿಗೆ ಮುಟ್ಟಿಸುವ ಸಾಮರ್ಥ್ಯಕ್ಕೆ ಎಲ್ಲೂ ಒಂದು ಕಾಲಂ ಇಲ್ಲ. ಕಾಲಂ ಇಲ್ಲದ್ದು ಬರೀ ಮರೆತುಹೋಗಿದ್ದರೆ ಅಷ್ಟೊಂದು ನೋವಾಗುತ್ತಿರಲಿಲ್ಲ. ಅದೇ ಸಾಮರ್ಥ್ಯ ಶಾಲೆಯಲ್ಲಿ ಕೊರತೆಯ ಹೆಸರು ಪಡೆಯುತ್ತದೆ: ಮನೆಯಲ್ಲಿ ತಮಿಳು, ಅದಕ್ಕೇ ಕನ್ನಡ ಸರಿಯಿಲ್ಲ. ಮದ್ದಿನ ಗಿಡವನ್ನು ಕಳೆಯೆಂದು ಕಿತ್ತುಹಾಕುವುದು ಎಂದರೆ ಇದೇ.

ಮನೆಯ ತಿಳಿವಳಿಕೆಯನ್ನು ಪಾಠಕ್ಕೆ ತರಬಹುದು ಎಂಬುದು ಹಾರೈಕೆ ಮಾತ್ರವಲ್ಲ. ಅಮೆರಿಕದ ಆರಿಜೋನಾದ ಟೂಸಾನ್ ನಗರದಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು ಮೆಕ್ಸಿಕೋ ಮೂಲದ ದುಡಿಯುವ ಕುಟುಂಬಗಳ ಮನೆಗಳಿಗೆ ಶಾಲಾ ಶಿಕ್ಷಕರನ್ನೇ ಕಳಿಸಿದರು. ಕಲಿಸಲು ಅಲ್ಲ, ತಿಳಿದುಬರಲು. 1992ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಆ ಮನೆಗಳಲ್ಲಿ ಕಂಡ ತಿಳಿವಳಿಕೆಯ ಪಟ್ಟಿಯಿದೆ. ಬೇಸಾಯ, ಕಟ್ಟಡ ಕೆಲಸ, ನಾಟಿ ಮದ್ದು ಮಾತ್ರವಲ್ಲ, ಗಣಿಯ ಕೆಲಸವೂ ಅದರಲ್ಲಿದೆ: ಸುರಂಗಕ್ಕೆ ಮರದ ಆಸರೆ ಕೊಡುವುದು, ಖನಿಜ ಗುರುತಿಸುವುದು, ಬಂಡೆ ಸಿಡಿಸುವುದು, ಯಂತ್ರ ನಡೆಸುವುದು. ಚಾಂಪಿಯನ್ ರೀಫ್‌ನ ಯಾವ ಲೈನ್ ಮನೆಯಲ್ಲೂ ಸಿಗಬಹುದಾದ ಪಟ್ಟಿ ಅದು. ಟೂಸಾನ್‌ನ ಶಿಕ್ಷಕರು ಅದನ್ನು ಮೆಚ್ಚಿ ಸುಮ್ಮನಾಗಲಿಲ್ಲ. ಗಡಿಯಾಚೆಯಿಂದ ಮಿಠಾಯಿ ತಂದು ಮಾರುತ್ತಿದ್ದ ಮನೆಯ ಮಗುವಿನಿಂದ ಶುರುವಾದ ಒಂದು ಪಾಠ, ಮಿಠಾಯಿಯ ಪದಾರ್ಥ, ಬೆಲೆ, ಮಾರುಕಟ್ಟೆ ಎಲ್ಲವನ್ನೂ ಹೊಕ್ಕು ಗಣಿತಕ್ಕೂ ಆಹಾರ ವಿಜ್ಞಾನಕ್ಕೂ ಬೆಳೆಯಿತು.

ಬಂಗಾರಪೇಟೆಯಲ್ಲಿ ಇದಕ್ಕೆ ಹೊರಗಿನ ಉದಾಹರಣೆಯೇ ಬೇಡ. ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿ ಈ ಊರಿನ ಹೆಸರನ್ನು ಬೆಂಗಳೂರಿನ ಬೀದಿಬೀದಿಗೆ ಕೊಂಡೊಯ್ದಿದೆ. ಸಂಜೆ ಗಾಡಿಯಲ್ಲಿ ಅಪ್ಪನಿಗೆ ಕೈಜೋಡಿಸುವ ಹುಡುಗನಿಗೆ ಒಂದು ಪ್ಲೇಟಿನ ಅಸಲು, ಮಳೆ ಬಂದ ದಿನದ ನಷ್ಟ, ಮಸಾಲೆಯ ಪ್ರಮಾಣ ಎಲ್ಲ ಬೆರಳ ತುದಿಯಲ್ಲಿವೆ. ಅದೇ ಹುಡುಗ ಲಾಭ-ನಷ್ಟದ ಅಧ್ಯಾಯದಲ್ಲಿ ಕಾಣದ ವ್ಯಾಪಾರಿಯೊಬ್ಬನ ಗಡಿಯಾರ ಮಾರಾಟದ ಲೆಕ್ಕಕ್ಕೆ ತಡವರಿಸುತ್ತಾನೆ. ಕೆಜಿಎಫ್‌ನ ಮಕ್ಕಳಿಗೆ ಭೌತಶಾಸ್ತ್ರದ ಒತ್ತಡ, ರಾಟೆ, ಶಾಖ ಇವೆಲ್ಲ ತಾತನ ಕೆಲಸದ ಮಾತುಗಳೇ: ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಏಕೆ ಸುಡುತ್ತದೆ, ಏಕೆ ಸಿಡಿಯುತ್ತದೆ, ಶಾಫ್ಟಿನಲ್ಲಿ ತೊಟ್ಟಿಲನ್ನು ಮೇಲೆತ್ತುವ ಹಗ್ಗದ ಭಾರವೇ ಎಷ್ಟು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲೇ ಮೊದಮೊದಲು ಪತ್ತೆಹಚ್ಚಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಈ ಗಣಿಗಳಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ದಾರಿ ಹಾಕಿದವರಲ್ಲಿ ನಂಜನಗೂಡಿನ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರೂ ಒಬ್ಬರು. ಆ ಪ್ರಯೋಗಗಳ ಉಪಕರಣಗಳನ್ನು ಪಾತಾಳಕ್ಕೆ ಇಳಿಸುವುದು ಗಣಿಯ ಕೆಲಸ ಬಲ್ಲವರ ನೆರವಿಲ್ಲದೆ ಆಗುವ ಮಾತಾಗಿರಲಿಲ್ಲ. ಈ ಸಂಗತಿ ತಿಳಿದ ಹುಡುಗಿ ವಿಜ್ಞಾನವನ್ನು ಬೇರೆಯವರ ಮನೆಯ ಒಡವೆಯೆಂದು ನೋಡಲಾರಳು.

ನಮ್ಮಲ್ಲಿ ಪ್ರತಿಭೆ ಹುಡುಕುವ ಏರ್ಪಾಡುಗಳಿಲ್ಲವೇ? ಇವೆ. ಪ್ರತಿಭಾ ಕಾರಂಜಿ ಸಾವಿರಾರು ಸರ್ಕಾರಿ ಶಾಲೆಯ ಮಕ್ಕಳನ್ನು ವೇದಿಕೆಗೆ ಹತ್ತಿಸಿದೆ. ಅದು ಸಣ್ಣ ಕೆಲಸವಲ್ಲ. ಆದರೆ ವೇದಿಕೆಯ ಮೇಲೆ ಕಾಣುವ ಗುಣಗಳನ್ನಷ್ಟೇ ಅದು ಹಿಡಿಯಬಲ್ಲದು. ಜಗಳವಾಡಿದ ಇಬ್ಬರನ್ನು ಕೂರಿಸಿ ರಾಜಿ ಮಾಡಿಸುವವಳಿಗೆ, ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಜೋಡಿಸುವವನಿಗೆ, ಅಮ್ಮ ರೈಲಿಂದ ಇಳಿಯುವ ಹೊತ್ತಿಗೆ ತಮ್ಮನಿಗೆ ಉಣಿಸಿ ಹೋಂವರ್ಕ್ ಮುಗಿಸಿರುವವಳಿಗೆ ಅಲ್ಲಿ ಸ್ಪರ್ಧೆಯಿಲ್ಲ. ಇತ್ತೀಚೆಗೆ ಖಾಸಗಿ ಶಾಲೆಗಳಲ್ಲಿ ಕಾಣುವ ಪ್ರಶ್ನಾವಳಿಗಳ ಕತೆಯೂ ಹೆಚ್ಚು ಬೇರೆಯಲ್ಲ. ಮನಶ್ಶಾಸ್ತ್ರಜ್ಞರಾದ ಪೀಟರ್‌ಸನ್ ಮತ್ತು ಸೆಲಿಗ್‌ಮನ್ 2004ರಲ್ಲಿ ವಿಂಗಡಿಸಿದ 24 ಸ್ವಭಾವ ಶಕ್ತಿಗಳ ಪಟ್ಟಿ ಮಾತಿಗೆ ಒಂದು ಶಬ್ದಕೋಶ ಕೊಡುತ್ತದೆ. ಆದರೆ ನಿನ್ನ ಶಕ್ತಿ ಕುತೂಹಲ ಎಂದು ಕಾಗದ ಕೊಟ್ಟು ಕಳಿಸಿದರೆ ಮಗುವಿನ ನಾಳೆಯ ಗಣಿತದ ಪಿರಿಯಡ್ಡು ಬದಲಾಗುವುದಿಲ್ಲ.

ಇಲ್ಲಿ ಏಳುವ ಆಕ್ಷೇಪಗಳಲ್ಲಿ ಒಂದು ನನಗೆ ನಿಜಕ್ಕೂ ಭಾರವಾಗಿ ಕಾಣುತ್ತದೆ. ಮನೆಯ ತಿಳಿವಳಿಕೆಯೇ ಮಗುವಿನ ಶಕ್ತಿ ಎನ್ನುವುದು, ಅಪ್ಪನ ಕೆಲಸವೇ ಮಗನಿಗೆ ಎನ್ನುವುದಕ್ಕೆ ಎಷ್ಟು ದೂರ? ಈ ಊರು ಆ ಪ್ರಶ್ನೆ ಕೇಳಲು ಹಕ್ಕುಳ್ಳದ್ದು. ಗಣಿಯಲ್ಲಿ ಮೇಲಿನ ಹುದ್ದೆ ಯುರೋಪಿಯನ್ನರಿಗೆ, ನಡುವಿನವು ಆಂಗ್ಲೋ-ಇಂಡಿಯನ್ನರಿಗೆ, ಕಾವಲು ಪಂಜಾಬಿಗಳಿಗೆ, ನೆಲದಡಿಯ ದುಡಿಮೆ ಬಹುಪಾಲು ತಮಿಳು ದಲಿತ ಕುಟುಂಬಗಳಿಗೆ ಎಂದು ಹಂಚಿಟ್ಟಾಗ, ಆಯಾ ಜನಕ್ಕೆ ಆಯಾ ಕೆಲಸ ಸಹಜ ಎಂಬ ಮಾತೇ ಅದಕ್ಕೆ ಬೆನ್ನೆಲುಬಾಗಿತ್ತು. ಪಕ್ಕದ ಮದ್ರಾಸ್ ರಾಜ್ಯದಲ್ಲಿ 1953ರಲ್ಲಿ ರಾಜಾಜಿಯವರ ಸರ್ಕಾರ ಪ್ರಾಥಮಿಕ ಶಾಲೆಯ ಹೊತ್ತನ್ನು ಮೊಟಕುಗೊಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆಯ ಕಸುಬು ಕಲಿಯಲಿ ಎಂದಾಗ ಜನ ಅದನ್ನು ಕುಲಕಲ್ವಿ, ಕುಲದ ಕಲಿಕೆ, ಎಂದು ಕರೆದು ತಿರುಗಿಬಿದ್ದರು. ಮರುವರ್ಷ ಮುಖ್ಯಮಂತ್ರಿಯಾದ ಕಾಮರಾಜರು ಅದನ್ನು ಕೈಬಿಟ್ಟರು. ಜನರ ಸಿಟ್ಟು ಸರಿಯಾಗಿಯೇ ಇತ್ತು. ಆ ಯೋಜನೆ ಮಗುವನ್ನು ಶಾಲೆಯಿಂದ ಹಿತ್ತಲಿಗೆ ಕಳಿಸಿತು; ನಾನು ಹೇಳುತ್ತಿರುವುದು ಹಿತ್ತಲಿನದನ್ನು ಶಾಲೆಗೆ ತರುವ ಮಾತು. ಗಾಡಿಯ ಲೆಕ್ಕ ಬಲ್ಲವನು ಗಾಡಿಯನ್ನೇ ತಳ್ಳಲಿ ಎಂದಲ್ಲ, ಆ ಲೆಕ್ಕ ಹಿಡಿದು ಅವನು ಬೀಜಗಣಿತಕ್ಕೆ ಇಳಿಯಲಿ ಎಂದು. ಅಲ್ಲಿಂದ ಅವನು ಲೆಕ್ಕಪರಿಶೋಧಕನಾಗುವನೋ ಕವಿಯಾಗುವನೋ ಎಂದು ತೀರ್ಮಾನಿಸುವ ಹಕ್ಕು ಶಾಲೆಗೂ ಇಲ್ಲ, ಮನೆಗೂ ಇಲ್ಲ. ತಂದೆಯ ಕಸುಬು ಬೇಡವೇ ಬೇಡ ಎನ್ನುವ ಮಗಳ ಹಟವನ್ನೂ ಅವಳ ಶಕ್ತಿಗಳ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಇನ್ನೊಂದು ಆಕ್ಷೇಪ ಮನಶ್ಶಾಸ್ತ್ರದ ಕಡೆಯಿಂದ ಬರುತ್ತದೆ. ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ತೋರಿಸಿದಂತೆ, ನೀನು ಜಾಣ ಎಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆಯಿಂದ ಹಿಂಜರಿದರು. ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಅದಕ್ಕೆ ಕೈಹಾಕಿದರು. ಕಣ್ಣಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಕಲಿಸಿದರೆ ಲಾಭ ಎಂಬುದಕ್ಕೂ ಗಟ್ಟಿ ಆಧಾರವಿಲ್ಲವೆಂದು ಪ್ಯಾಶ್ಲರ್ ಮತ್ತಿತರರು 2008ರಲ್ಲಿ ಹೇಳಿದರು. ಇವನ್ನು ಒಪ್ಪಲೇಬೇಕು, ಒಪ್ಪಿದರೆ ನನ್ನ ವಾದ ಗಟ್ಟಿಯೇ ಆಗುತ್ತದೆ. ಮಗುವಿನ ಹಣೆಗೆ ಹಚ್ಚುವ ಬಿರುದು ಮದ್ದಲ್ಲ. ನಿನಗೆ ಭಾಷೆಯ ಪ್ರತಿಭೆಯಿದೆ ಎನ್ನುವುದಕ್ಕಿಂತ, ನಿನ್ನೆ ಅಜ್ಜಿಯ ನೋವನ್ನು ಡಾಕ್ಟರಿಗೆ ಹೇಗೆ ತಿಳಿಸಿದೆಯೋ ಹಾಗೆ ಈ ವಿಜ್ಞಾನದ ಪುಟವನ್ನು ನಿನ್ನ ಗೆಳತಿಗೆ ತಿಳಿಸು ಎನ್ನುವುದು ಮೇಲು. ಅಲ್ಲಿ ಶಕ್ತಿ ಕಷ್ಟದ ಕೆಲಸಕ್ಕೆ ಬಳಕೆಯಾಗುತ್ತದೆ, ಸೋತರೂ ಸೋತದ್ದು ಒಂದು ಪ್ರಯತ್ನವಷ್ಟೇ.

ಉಳಿದದ್ದು ಸಮಯದ ಆಕ್ಷೇಪ. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ತಲೆಕೊಡಬೇಕಾದ ಮೇಷ್ಟ್ರು, ಟೀಚರು ಇದನ್ನೆಲ್ಲ ಎಲ್ಲಿ ಮಾಡಬೇಕು? ಅಂಕಗಳೊಳಗೇ ಜಾಗವಿದೆ. ನೂರು ಅಂಕದ ವಿಷಯಗಳಲ್ಲಿ 20, ಪ್ರಥಮ ಭಾಷೆಯಲ್ಲಿ 25, ಶಾಲೆಯೇ ಕೊಡುವ ಆಂತರಿಕ ಅಂಕ. ಇಂದು ಅದರ ಚಟುವಟಿಕೆಗಳು ಎಷ್ಟೋ ಕಡೆ ಅಂಗಡಿಯಲ್ಲಿ ಕೊಂಡ ಚಾರ್ಟು, ಇಂಟರ್‌ನೆಟ್ಟಿನಿಂದ ಇಳಿಸಿದ ಪುಟಗಳಲ್ಲಿ ಮುಗಿಯುತ್ತವೆ. ಅದರ ಬದಲು ಮಾರಿಕುಪ್ಪಂ ರೈಲಿನ ವೇಳಾಪಟ್ಟಿಯಿಂದ ಸರಾಸರಿ ವೇಗ, ಸೈನೈಡ್ ದಿಬ್ಬದ ದೂಳಿನಿಂದ ರಸಾಯನ, ತಾತನ ಬಾಯಿಂದ ಕೇಳಿ ಬರೆದ ಗಣಿಯ ಚರಿತ್ರೆ, ಅದೇ ಚರಿತ್ರೆ ಎರಡು ಭಾಷೆಗಳಲ್ಲಿ. ಹೆಚ್ಚಿನ ಪಿರಿಯಡ್ಡು ಬೇಕಿಲ್ಲ, ಈಗಿರುವ ಪ್ರಾಜೆಕ್ಟಿನ ವಿಷಯ ಬದಲಾದರೆ ಸಾಕು. ಜೊತೆಗೆ ಎಂಟನೆಯ ತರಗತಿಯಿಂದಲೇ ಮಗು ತಾನು ಮಾಡಿದ್ದನ್ನು, ಎಲ್ಲಿ ಕೈಗೂಡಿತು, ಎಲ್ಲಿ ಸಿಕ್ಕಿಬಿತ್ತು ಎಂಬುದನ್ನು ತನ್ನದೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಹತ್ತನೆಯ ತರಗತಿಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪಿಯುಸಿಯೋ ಐಟಿಐಯೋ ಡಿಪ್ಲೊಮಾವೋ ಎಂದು ಮನೆಯವರು ಕುಳಿತು ಮಾತಾಡುವಾಗ ಈಗ ಎದುರಿಗಿರುವುದು ಅಂಕಪಟ್ಟಿಯೊಂದೇ. ಆ ಮೂರು ವರ್ಷಗಳ ನೋಟ್‌ಬುಕ್ಕೂ ಅದರ ಪಕ್ಕದಲ್ಲಿದ್ದರೆ ಮಗುವಿಗೂ ಆ ಮಾತುಕತೆಯಲ್ಲಿ ಹೇಳಲು ಏನಾದರೂ ಇರುತ್ತದೆ.