ಅಣುವಿನ ಗುರುತು, ದೇಹದ ತೀರ್ಪು

ಭೌತಶಾಸ್ತ್ರದಲ್ಲಿ ಪಳಗಿದ ವಿಜ್ಞಾನಿಯೊಬ್ಬರು ಕ್ಯಾನ್ಸರ್ ಮತ್ತು ರೋಗನಿರೋಧ ವ್ಯವಸ್ಥೆಯ ಅಧ್ಯಯನಕ್ಕೆ ಹೊರಳಿದಾಗ, ನಿಖರತೆಯಿಲ್ಲದ ಕ್ಷೇತ್ರಕ್ಕೆ ಅವರು ನಿಖರತೆಯನ್ನು ತಂದರೆಂದು ಹೊಗಳುವುದು ರೂಢಿ. ಈ ಹೊಗಳಿಕೆ ಜೀವವಿಜ್ಞಾನವನ್ನು ಕೀಳಾಗಿಸುವುದಷ್ಟೇ ಅಲ್ಲ, ಆ ಹೊರಳುವಿಕೆಯಲ್ಲಿ ಪ್ರಶ್ನೆಯೇ ಬದಲಾಗುತ್ತದೆಂಬುದನ್ನೂ ಮರೆಮಾಡುತ್ತದೆ. ಎಲೆಕ್ಟ್ರಾನಿಗೆ ಪೂರ್ವಚರಿತ್ರೆಯಿಲ್ಲ, ಒಂದು ಇನ್ನೊಂದರಂತೆಯೇ. ಜೀವಕೋಶಕ್ಕಾದರೋ ಹುಟ್ಟಿದ ಅಂಗ, ವಯಸ್ಸು, ನೆರೆಹೊರೆ ಎಲ್ಲವೂ ಇವೆ. ಕ್ಯಾನ್ಸರ್ ಕೋಶವೆಂಬುದು ಹೊರಗಿನಿಂದ ಬಂದ ಶತ್ರುವಲ್ಲದೆ ದಾರಿ ತಪ್ಪಿದ ಸ್ವಂತ ಕೋಶವೇ ಆಗಿರುವುದರಿಂದ, ಅದನ್ನು ಗುರುತಿಸುವುದೆಂದರೇನು ಎಂಬ ಪ್ರಶ್ನೆ ಅಳತೆಯೊಂದರಿಂದಲೇ ಬಗೆಹರಿಯುವಂಥದ್ದಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಹೊರಳುವಿಕೆಗೆ ಒಂದು ಪರಂಪರೆಯೇ ಇದೆ. ಸಿ.ವಿ. ರಾಮನ್ ಅವರ ಶಿಷ್ಯರಾದ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಅಲ್ಲಿ ಅಣುಜೀವಭೌತಶಾಸ್ತ್ರದ ಘಟಕವನ್ನು ಕಟ್ಟಿದರು. ಆ ಘಟಕದಲ್ಲಿ ದುಡಿದ ಎಂ. ವಿಜಯನ್ ಭೌತಶಾಸ್ತ್ರದ ಸ್ನಾತಕೋತ್ತರ ಪದವೀಧರರು. 1969ರಲ್ಲಿ ಇನ್ಸುಲಿನ್ ಅಣುವಿನ ರಚನೆಯನ್ನು ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರ ಆಕ್ಸ್‌ಫರ್ಡ್ ತಂಡದಲ್ಲಿದ್ದವರು. ಜೀವರಸಾಯನಶಾಸ್ತ್ರಜ್ಞ ಅವಧೇಶ ಸುರೋಲಿಯಾ ಅವರ ಜೊತೆಗೂಡಿ ವಿಜಯನ್ ಕೈಗೆತ್ತಿಕೊಂಡ ವಸ್ತುಗಳಲ್ಲಿ ಎರಡು ಬೆಂಗಳೂರು ಗ್ರಾಮಾಂತರದ ಜನರಿಗೆ ಚಿರಪರಿಚಿತ: ಒಂದು ಕಡಲೆಕಾಯಿ, ಇನ್ನೊಂದು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಗೆ ಹೆಸರು ತಂದ ಹಲಸು. ಎರಡರ ಬೀಜಗಳಲ್ಲೂ ಲೆಕ್ಟಿನ್ ಎಂಬ ಬಗೆಯ ಪ್ರೋಟೀನುಗಳಿವೆ. ಜೀವಕೋಶದ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಗಳಲ್ಲಿ ನಿರ್ದಿಷ್ಟವಾದುದನ್ನು ಆಯ್ದು ಅಂಟಿಕೊಳ್ಳುವುದು ಅವುಗಳ ಗುಣ. (ಬೀಜ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ಅರ್ಥ ಇದಕ್ಕಿಲ್ಲವೆಂದು, ಮನೆಮದ್ದಿನ ಸುದ್ದಿ ಹಬ್ಬುವ ಈ ಕಾಲದಲ್ಲಿ ಹೇಳಿಯೇ ಮುಂದುವರಿಯಬೇಕು.)

ಈ ಎರಡೂ ಲೆಕ್ಟಿನ್‌ಗಳು ಅಂಟುವ ಸಕ್ಕರೆಗಳಲ್ಲಿ ಟಿ-ಆಂಟಿಜನ್ ಎಂಬುದೊಂದು. ಆರೋಗ್ಯವಂತ ಕೋಶಗಳಲ್ಲಿ ಅದು ಸಾಮಾನ್ಯವಾಗಿ ಸಿಯಾಲಿಕ್ ಆಮ್ಲವೇ ಮೊದಲಾದವುಗಳ ಹೊದಿಕೆಯಡಿ ಅಡಗಿದ್ದು, ಅನೇಕ ಬಗೆಯ ಕ್ಯಾನ್ಸರುಗಳಲ್ಲಿ ಹೊದಿಕೆ ಪೂರ್ಣವಾಗದೆ ಬಯಲಿಗೆ ಬರುತ್ತದೆ. ಸ್ಫಟಿಕದ ಮೇಲೆ ಕ್ಷ-ಕಿರಣ ಹಾಯಿಸಿ ಪರಮಾಣುಗಳ ಸ್ಥಾನವನ್ನು ಲೆಕ್ಕಹಾಕುವ ವಿಧಾನದಿಂದ ವಿಜಯನ್ ಅವರ ತಂಡ ಕಡಲೆಕಾಯಿ ಲೆಕ್ಟಿನ್ನಿನ ರಚನೆಯನ್ನು 1994ರಲ್ಲಿಯೂ ಹಲಸಿನ ಲೆಕ್ಟಿನ್ ಆದ ಜಾಕಲಿನ್‌ನದನ್ನು 1996ರಲ್ಲಿಯೂ ಪ್ರಕಟಿಸಿತು. ಮುಂದೆ ಕಡಲೆಕಾಯಿ ಲೆಕ್ಟಿನ್ ಟಿ-ಆಂಟಿಜನ್ನಿಗೆ ಅಂಟಿದ ಸ್ಥಿತಿಯನ್ನೇ ಪರಿಶೀಲಿಸಿದಾಗ ಕಂಡದ್ದು ವಿಚಾರಕ್ಕೆ ಎಡೆಮಾಡುವಂಥದ್ದು: ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನೊಡನೆಯೂ ಈ ಸಕ್ಕರೆಯೊಡನೆಯೂ ಪ್ರೋಟೀನಿನ ನೇರ ಬಂಧಗಳು ಬಹುಮಟ್ಟಿಗೆ ಒಂದೇ, ಟಿ-ಆಂಟಿಜನ್ನಿನ ಮೇಲಿನ ಹೆಚ್ಚಿನ ಒಲವು ಹುಟ್ಟುವುದು ಅದಕ್ಕೂ ಪ್ರೋಟೀನಿಗೂ ನಡುವೆ ಸೇತುವೆಯಾಗಿ ನಿಂತ ನೀರಿನ ಅಣುಗಳಿಂದ. ಗುರುತಿಸುವ ಶಕ್ತಿ ಅಣುವಿನ ಒಡಲಿನಲ್ಲೇ ಅಡಗಿದೆಯೆಂದು ಭಾವಿಸುವವರಿಗೆ, ಅದು ಎರಡು ಅಣುಗಳ ನಡುವಿನ ಸಂಬಂಧದಲ್ಲಿಯೂ ಇರಬಹುದೆಂದು ತೋರಿಸಿಕೊಟ್ಟದ್ದು ಭೌತಶಾಸ್ತ್ರದ ವಿಧಾನವೇ.

ಆದರೆ ಆ ವಿಧಾನ ನಿಲ್ಲುವುದೂ ಇಲ್ಲಿಯೇ. ಸಿಯಾಲಿಕ್ ಆಮ್ಲ ಹೊದ್ದ ಸಕ್ಕರೆಯನ್ನು ಕಡಲೆಕಾಯಿ ಲೆಕ್ಟಿನ್ ಬಿಟ್ಟುಬಿಡುತ್ತದೆ, ಜಾಕಲಿನ್ ಹಿಡಿಯಬಲ್ಲದು. ಅಷ್ಟು ಆಯ್ಕೆಯಿಂದ ವರ್ತಿಸುವ ಕಡಲೆಕಾಯಿ ಲೆಕ್ಟಿನ್ ಕೂಡ, ರೋಗನಿರೋಧದ ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಲ್ಲಿ, ಇನ್ನೂ ಬಲಿಯದ ಆರೋಗ್ಯವಂತ ಕೋಶಗಳಿಗೆ ಅಂಟುತ್ತದೆ; ಬಲಿತವನ್ನೂ ಬಲಿಯದವನ್ನೂ ಬೇರ್ಪಡಿಸಲು ಅದನ್ನು 1970ರ ದಶಕದಿಂದಲೇ ಬಳಸಲಾಗಿದೆ. ಒಂದೇ ಗುರುತು ಒಂದೆಡೆ ರೋಗದ್ದು, ಇನ್ನೊಂದೆಡೆ ಎಳೆತನದ್ದು. ಯಾವುದು ಯಾವುದೆಂದು ಸ್ಫಟಿಕ ಹೇಳಲಾರದು, ಏಕೆಂದರೆ ಸ್ಫಟಿಕ ಮಾಡಲು ಮೊದಲು ಬಿಡಬೇಕಾದದ್ದೇ ಕೋಶದ ಸಂದರ್ಭ.

ಹಾಗೆಂದು ಭೌತಶಾಸ್ತ್ರದ ಪಾತ್ರ ಅಲ್ಲಿಗೆ ಮುಗಿಯಿತೆನ್ನುವುದು ಆತುರದ ಮಾತಾದೀತು. ಕೋಶವು ಪ್ರೋಟೀನು ಕಟ್ಟುವಾಗ ತಪ್ಪುಗಳನ್ನು ಹೇಗೆ ಕಡಿಮೆ ಮಾಡಿಕೊಳ್ಳುತ್ತದೆಂದು 1974ರಲ್ಲಿ ಕೇಳಿದ ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್, ಹಂತಹಂತವಾಗಿ ತಡಮಾಡಿ ಮರುಪರೀಕ್ಷಿಸುವ ವ್ಯವಸ್ಥೆಯೊಂದನ್ನು ಸೂಚಿಸಿದರು; 1995ರಲ್ಲಿ ತಿಮೊಥಿ ಮೆಕೀಥನ್ ಅದನ್ನು ಟಿ ಕೋಶಗಳಿಗೆ ಅನ್ವಯಿಸಿದರು. ಟಿ ಕೋಶವು ಎದುರಿನ ಅಣು ಅಂಟಿತೇ ಎಂದಷ್ಟೇ ನೋಡದೆ ಎಷ್ಟು ಹೊತ್ತು ಅಂಟಿತ್ತು ಎಂದೂ ಅಳೆಯುತ್ತದೆ, ಬೇಗ ಕಳಚಿಕೊಂಡದ್ದು ಸಂಕೇತವಾಗುವ ಮೊದಲೇ ಅಳಿಸಿಹೋಗುತ್ತದೆ ಎಂಬುದು ಈ ವಾದದ ತಿರುಳು. ಇಲ್ಲಿ ಭೌತಶಾಸ್ತ್ರವು ವಸ್ತುವನ್ನು ಬಿಟ್ಟು ನಿರ್ಧಾರವನ್ನು ಅಧ್ಯಯನಕ್ಕೆ ತೆಗೆದುಕೊಳ್ಳುತ್ತದೆ, ಮತ್ತು ಹೊರಳುವಿಕೆ ನಿಜವಾಗಿ ಸಂಭವಿಸುವುದು ಆಗಲೇ.

ಆದರೂ ನಿರ್ಧಾರದ ಯಂತ್ರ ತಿಳಿದ ಮೇಲೂ ಯಾವುದರ ವಿರುದ್ಧ ನಿರ್ಧರಿಸಬೇಕೆಂಬುದು ಉಳಿದೇ ಇರುತ್ತದೆ. ರೋಗಿಯ ಟಿ ಕೋಶಗಳಿಗೆ ಕೃತಕ ಗ್ರಾಹಕವನ್ನು ಜೋಡಿಸುವ ಕಾರ್-ಟಿ ಚಿಕಿತ್ಸೆಯಲ್ಲಿ, ಕೆಲವು ರಕ್ತಕ್ಯಾನ್ಸರುಗಳಿಗೆ ಗುರಿಯಾಗಿ ಆರಿಸಿದ ಸಿಡಿ19 ಎಂಬ ಗುರುತು ಕ್ಯಾನ್ಸರಿನದಷ್ಟೇ ಅಲ್ಲ, ಪ್ರತಿಕಾಯಗಳ ತಯಾರಿಕೆಗೆ ಬೇಕಾದ ಆರೋಗ್ಯವಂತ ಬಿ ಕೋಶಗಳದೂ ಹೌದು. ಚಿಕಿತ್ಸೆ ಅವನ್ನೂ ಅಳಿಸುತ್ತದೆ. ಪ್ರತಿಕಾಯಗಳನ್ನು ಹೊರಗಿನಿಂದ ಕೊಟ್ಟು ಆ ನಷ್ಟವನ್ನು ತುಂಬಿಕೊಳ್ಳಬಹುದೆಂದೇ ವೈದ್ಯರು ಅದನ್ನು ಒಪ್ಪಿದ್ದಾರೆ. ಹೃದಯ ಅಥವಾ ಶ್ವಾಸಕೋಶದ ಕೋಶಗಳಲ್ಲೂ ಇರುವ ಗುರುತಾದರೆ ಅಂಥ ಒಪ್ಪಿಗೆಗೆ ಆಸ್ಪದವಿಲ್ಲ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರುಗಳಲ್ಲಿ ಈ ಚಿಕಿತ್ಸೆ ಇನ್ನೂ ತೊಡಕಿನಲ್ಲಿರುವುದಕ್ಕೆ ಇದೊಂದು ಮುಖ್ಯ ಕಾರಣ.