ಬಾಗುವ ಅಳತೆಪಟ್ಟಿ: ಕಚೇರಿಯ ನಿಯಮ, ಮೇಲಧಿಕಾರಿಯ ವಿವೇಚನೆ

ಮಾನವ ಸಂಪನ್ಮೂಲ ನೀತಿಯನ್ನು ಬರೆಯುವವರು ಒಬ್ಬರು, ಜಾರಿಗೆ ತರುವವರು ಇನ್ನೊಬ್ಬರು. ರಜೆ, ಪಾಳಿ, ಬಡ್ತಿ, ಮೌಲ್ಯಮಾಪನ ಬಹುಪಾಲು ಉದ್ಯೋಗಿಯನ್ನು ತಲುಪುವುದು ನೇರ ಮೇಲಧಿಕಾರಿಯ ಕೈ ದಾಟಿಯೇ. ಆ ಕೈಗೆ ಎಷ್ಟು ಸ್ವಾತಂತ್ರ್ಯವಿರಬೇಕು ಎಂಬುದು ಆಡಳಿತದ ಪ್ರಶ್ನೆಯಾಗುವ ಮೊದಲೇ ನೀತಿಶಾಸ್ತ್ರದ ಪ್ರಶ್ನೆ.

ಅರಿಸ್ಟಾಟಲ್ ಇದನ್ನು ‘ನಿಕೊಮೇಕಿಯನ್ ಎಥಿಕ್ಸ್’ನ ಐದನೆಯ ಭಾಗದಲ್ಲಿ ಎತ್ತಿಕೊಳ್ಳುತ್ತಾನೆ. ಕಾನೂನು ಎಲ್ಲರಿಗೂ ಒಂದೇ. ಸಂದರ್ಭಗಳು ಮಾತ್ರ ಬೇರೆಬೇರೆ. ಈ ಕೊರತೆಯನ್ನು ತುಂಬುವುದು ಸಮದರ್ಶಿತ್ವ. ಲೆಸ್ಬೋಸ್‌ನ ಕಟ್ಟಡಗಾರರ ಸೀಸದ ಅಳತೆಪಟ್ಟಿ ಕಲ್ಲಿನ ಆಕಾರಕ್ಕೆ ಬಾಗುವಂತೆ ತೀರ್ಮಾನವೂ ಸಂದರ್ಭಕ್ಕೆ ಹೊಂದಬೇಕು. ಸರಿ, ಆದರೆ ಪಟ್ಟಿ ಬಾಗಿದ್ದು ಕಲ್ಲಿಗಾಗಿಯೋ, ಮೇಸ್ತ್ರಿಯ ಆಪ್ತರಿಗಾಗಿಯೋ? ಕಚೇರಿ ರಾಜಕೀಯ ಬೇರು ಬಿಡುವುದು ಇದೇ ಸಂದಿಯಲ್ಲಿ.

ಕೌಟಿಲ್ಯನಿಗೆ ಅಧಿಕಾರಿಗಳ ಸದ್ಗುಣದ ಮೇಲೆ ಅಷ್ಟು ಭರವಸೆಯಿಲ್ಲ. ಹಣ ಲಪಟಾಯಿಸುವ 40 ದಾರಿಗಳನ್ನು ಅರ್ಥಶಾಸ್ತ್ರ ಪಟ್ಟಿ ಮಾಡುತ್ತದೆ. ಇಲಾಖೆಗೆ ಹಲವು ಮುಖ್ಯಸ್ಥರಿರಲಿ, ಯಾರೂ ಕಾಯಂ ಆಗದಿರಲಿ ಎನ್ನುತ್ತದೆ. ಕಟುವಾದರೂ ಅನುಭವದ ಮಾತು.

ಭಾರತದ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಎರಡೂ ದೃಷ್ಟಿಗಳು ಅಕ್ಕಪಕ್ಕ ಕುಳಿತಿದ್ದವು. ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಹಕ್ಕಾಯಿತು. ಅಲ್ಲಿ ಮೇಲಧಿಕಾರಿಯ ಮರ್ಜಿಗೆ ಜಾಗವಿಲ್ಲ. ರಜೆಯ ನಂತರ ಮನೆಯಿಂದ ಕೆಲಸ ಮಾಡುವುದನ್ನು ಮಾತ್ರ ಕೆಲಸದ ಸ್ವರೂಪಕ್ಕೂ ಪರಸ್ಪರ ಒಪ್ಪಂದಕ್ಕೂ ಬಿಡಲಾಯಿತು. ಎರಡೂ ಕಡೆಯವರ ಬಲ ಸಮನಲ್ಲದಿದ್ದಾಗ ಇಂಥ ಒಪ್ಪಂದ ಅನುಗ್ರಹವಾಗಿಬಿಡುತ್ತದೆ. ನಿರಾಕರಣೆಗೆ ಲಿಖಿತ ಕಾರಣ ಮತ್ತು ಮೇಲ್ಮನವಿಗೆ ಬೇರೊಬ್ಬ ಅಧಿಕಾರಿ ಇದ್ದರೆ ವಿವೇಚನೆ ಉಳಿದೂ ಪಕ್ಷಪಾತ ಬಯಲಿಗೆ ಬರಬಹುದು.